ಸಹಿ ಯಾರದು? ತೋಟದ ಕಚೇರಿಯಿಂದ ನಿರ್ದೇಶಕರ ಮಂಡಳಿಯವರೆಗೆ ಕೊಡಗಿನ ಮಹಿಳೆಯರಿಗೊಂದು ಮಾರ್ಗದರ್ಶಿ

ರೊಬಸ್ಟಾ ಕಾಫಿಯ ಕೊಯ್ಲಿನ ಕಾಲದಲ್ಲಿ ಕೊಡಗಿನ ಯಾವ ತೋಟದ ಕಣಕ್ಕೆ ಹೋದರೂ ಈ ನೋಟ ಕಾಣುತ್ತದೆ. ಒಣಗುತ್ತಿರುವ ಚೆರಿಯನ್ನು, ಅಂದರೆ ಸಿಪ್ಪೆ ಸಹಿತ ಕಾಫಿ ಹಣ್ಣನ್ನು, ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಬೇಳೆಯ ಸದ್ದಿನಿಂದಲೇ ಇನ್ನೆಷ್ಟು ಬಿಸಿಲು ಬೇಕೆಂದು ಹೇಳುವವರು ಮಹಿಳೆಯರು. ಸಂಜೆ ಕೊಯ್ದ ಹಣ್ಣಿನ ತೂಕವನ್ನು ಆಳುವಾರು ಪುಸ್ತಕಕ್ಕೆ ಏರಿಸುವವರೂ ಅನೇಕ ಕಡೆ ಮಹಿಳೆಯರೇ. ಆದರೆ ವ್ಯಾಪಾರಿಯೊಡನೆ ದರ ಮಾತಾಡುವಾಗ, ಬ್ಯಾಂಕಿನ ಸಾಲಪತ್ರ ಸಿದ್ಧವಾಗುವಾಗ, ಕಂಪನಿಯ ವರ್ಷದ ಬಜೆಟ್ ತೀರ್ಮಾನವಾಗುವಾಗ ಅವರು ಆ ಕೋಣೆಯಲ್ಲಿ ಇರುವುದಿಲ್ಲ.

ಮಡಿಕೇರಿಯಲ್ಲಿ ಬಿ.ಕಾಂ. ಮುಗಿಸಿ ತೋಟಗಾರಿಕೆ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ನಾನು ಹದಿನೆಂಟು ವರ್ಷ ಅಲ್ಲಿ ದುಡಿದು, ಆಮೇಲೆ ಬೆಳೆಗಾರರೇ ಸದಸ್ಯರಾಗಿ ಕಟ್ಟಿಕೊಂಡ ಉತ್ಪಾದಕ ಕಂಪನಿಯೊಂದರ ನಿರ್ದೇಶಕಿಯಾದೆ. ಈ ದಾರಿಯಲ್ಲಿ ನನಗೆ ಸ್ಪಷ್ಟವಾದ ಸಂಗತಿ ಒಂದೇ. ಸಂಸ್ಥೆಯಲ್ಲಿ ಅಧಿಕಾರ ಇರುವುದು ದುಡಿಮೆ ಇರುವ ಕಡೆ ಅಲ್ಲ, ಹೆಸರು ದಾಖಲಾಗಿರುವ ಕಡೆ ಮತ್ತು ಸಹಿ ಬೀಳುವ ಕಡೆ. ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲವೂ ಆ ದಾಖಲೆಗಳಲ್ಲಿ ನಮ್ಮ ಹೆಸರು ಬರುವಂತೆ ಮಾಡಿಕೊಳ್ಳುವ ಬಗೆಯನ್ನು ಕುರಿತವು. ಪ್ಲಾಂಟೇಶನ್ ಕಂಪನಿ, ರೆಸಾರ್ಟ್, ಬ್ಯಾಂಕುಗಳಲ್ಲಿ ನೌಕರಿಯಲ್ಲಿರುವವರು, ಸಹಕಾರ ಸಂಘ ಅಥವಾ ಉತ್ಪಾದಕ ಕಂಪನಿಯ ಸದಸ್ಯರು, ಕುಟುಂಬದ ತೋಟವನ್ನೇ ಕಂಪನಿಯಾಗಿ ನಡೆಸುವ ಮನೆಗಳ ಮಹಿಳೆಯರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲ ಹೆಜ್ಜೆ: ಸಹಿಗಳ ಪಟ್ಟಿ ಮಾಡಿ

ಒಂದು ವಾರ ಕಾಲ ನಿಮ್ಮ ಸಂಸ್ಥೆಯಲ್ಲಿ ಹಣ, ಜನ ಮತ್ತು ಸರಕಿಗೆ ಸಂಬಂಧಿಸಿದ ಯಾವ ಯಾವ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ ಎಂಬುದನ್ನು ಗಮನಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಚೆಕ್ಕು, ಗೊಬ್ಬರದ ಖರೀದಿ ಆದೇಶ, ಮೇಸ್ತ್ರಿಯ ಮುಂಗಡ, ಹೊಸ ನೇಮಕಾತಿಯ ಪತ್ರ, ಕಾಫಿ ಮಾರಾಟದ ಒಪ್ಪಂದ, ಬೋನಸ್ ಪಟ್ಟಿ, ಇವುಗಳಲ್ಲಿ ಒಂದೊಂದರ ಎದುರಿಗೂ ಎರಡು ಹೆಸರು ಬರೆಯಿರಿ: ಕಾಗದವನ್ನು ಸಿದ್ಧಪಡಿಸಿದವರ ಹೆಸರು ಮತ್ತು ಸಹಿ ಮಾಡಿದವರ ಹೆಸರು. ಎರಡು ಕಾಲಮುಗಳನ್ನು ಅಕ್ಕಪಕ್ಕ ಇಟ್ಟಾಗ ನಿಮ್ಮ ಸ್ಥಾನ ಯಾವುದೆಂಬುದು ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ನಾನು ಮೊದಲ ಬಾರಿ ಈ ಪಟ್ಟಿ ಮಾಡಿದಾಗ ಎಡಗಡೆಯ ಕಾಲಮಿನಲ್ಲಿ ನನ್ನ ಹೆಸರು ಹದಿಮೂರು ಸಲ ಇತ್ತು, ಬಲಗಡೆಯಲ್ಲಿ ಒಂದು ಸಲವೂ ಇರಲಿಲ್ಲ.

ಈ ಪಟ್ಟಿಯಿಂದ ಒಂದೇ ಒಂದು ಕಾಗದವನ್ನು ಆರಿಸಿಕೊಳ್ಳಿ. ಮುಂದಿನ ಒಂದು ವರ್ಷದೊಳಗೆ ಆ ಕಾಗದದ ಬಲಗಡೆಗೆ ನಿಮ್ಮ ಹೆಸರು ಬರಬೇಕು ಎಂಬುದು ಗುರಿಯಾಗಲಿ. ‘ಮುಂದೆ ಬರಬೇಕು’ ಎಂಬ ಹಾರೈಕೆಗೆ ಕೈಕಾಲು ಬರುವುದು ಇಂಥ ಒಂದು ನಿರ್ದಿಷ್ಟ ಕಾಗದದಿಂದಲೇ.

ಎರಡನೆಯ ಹೆಜ್ಜೆ: ಅಂಕಿಗಳ ಭಾಷೆ ಕಲಿಯಿರಿ

ನಾಯಕತ್ವದ ಕುರ್ಚಿಯಲ್ಲಿ ಕೂತವರು ದಿನವೂ ಮಾತಾಡುವುದು ಲಾಭ, ನಷ್ಟ, ದರ, ಬಡ್ಡಿಗಳ ಭಾಷೆಯನ್ನು. ಆ ಭಾಷೆಯನ್ನು ನಮ್ಮ ಕಣದಿಂದಲೇ ಕಲಿಯಬಹುದು. ಉದಾಹರಣೆಗೆ ಔಟ್‌ಟರ್ನ್ ತೆಗೆದುಕೊಳ್ಳಿ. 50 ಕೆ.ಜಿ. ಚೆರಿಯ ಒಂದು ಮೂಟೆಯಿಂದ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಎಂಬ ಲೆಕ್ಕವೇ ಔಟ್‌ಟರ್ನ್, ನಮ್ಮ ಕಡೆಯ ಬಾಯಿಮಾತಿನಲ್ಲಿ ‘ಓ.ಟಿ.’. ಒಂದು ಕೆ.ಜಿ. ಬೇಳೆಗೆ 400 ರೂಪಾಯಿ ದರವಿದೆ ಎಂದಿಟ್ಟುಕೊಳ್ಳೋಣ. ವ್ಯಾಪಾರಿ 27 ಇರುವ ಓ.ಟಿ.ಯನ್ನು 26 ಎಂದು ಹಿಡಿದರೆ ಮೂಟೆಗೆ 400 ರೂಪಾಯಿ ಕೈತಪ್ಪುತ್ತದೆ, 500 ಮೂಟೆಗೆ ಎರಡು ಲಕ್ಷ. ಸ್ಯಾಂಪಲ್ ತೆಗೆಯುವಾಗ ಎದುರಿಗೆ ನಿಂತು, ತೇವಾಂಶದ ಅಂಕಿಯನ್ನು ತಾವೇ ಓದಿ, ಈ ಲೆಕ್ಕವನ್ನು ಸಭೆಯಲ್ಲಿ ಮಂಡಿಸಬಲ್ಲ ಮಹಿಳೆಯ ಮಾತನ್ನು ಯಾರೂ ಪಕ್ಕಕ್ಕೆ ಸರಿಸಲಾರರು.

ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಯನ್ನು ಡಿಪೋಗೆ ಒಪ್ಪಿಸಿದರೆ ಮಾರಾಟದ ಹೊಣೆ ಮಂಡಳಿಯದಾಗಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಕೊನೆಗೊಂಡ ಮೇಲೆ ಯಾವಾಗ, ಯಾರಿಗೆ, ಯಾವ ದರಕ್ಕೆ ಮಾರಬೇಕು ಎಂಬ ನಿರ್ಧಾರ ತೋಟದ ಒಳಗೇ ಬಂತು. ನಿಜವಾದ ಅಧಿಕಾರ ಕೂತಿರುವ ಜಾಗಗಳಲ್ಲಿ ಈ ನಿರ್ಧಾರವೂ ಒಂದು. ಬೇಳೆಯ ಗುಣಮಟ್ಟವನ್ನು ಬಲ್ಲವರಿಗೆ ಅಲ್ಲಿ ಸಹಜವಾಗಿಯೇ ಜಾಗ ಸಿಗುತ್ತದೆ. ಕಾಫಿ ಮಂಡಳಿಯಲ್ಲಿ ದಶಕಗಳ ಕಾಲ ರುಚಿ ಪರೀಕ್ಷಕಿಯಾಗಿ ದುಡಿದು, ಆಮೇಲೆ ಬೆಂಗಳೂರಿನಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿದ ಸುನಾಲಿನಿ ಮೆನನ್ ಅವರು ಕಾಫಿಯ ಲೋಕದಲ್ಲಿ ಗಳಿಸಿದ ಮನ್ನಣೆಗೆ ಈ ತಿಳಿವಳಿಕೆಯೇ ಬುನಾದಿ. ಮಂಡಳಿಯು ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ‘ಕಾಪಿ ಶಾಸ್ತ್ರ’ ಎಂಬ ಅಲ್ಪಾವಧಿ ತರಬೇತಿಯನ್ನೂ ನಡೆಸುತ್ತದೆ. ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನಮ್ಮ ಹೆಣ್ಣುಮಕ್ಕಳು ಇವನ್ನು ಅಗತ್ಯವಾಗಿ ವಿಚಾರಿಸಬೇಕು.

ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಯಲು ದೊಡ್ಡ ಕೋರ್ಸು ಬೇಕಿಲ್ಲ. ನೀವು ಸದಸ್ಯರಾಗಿರುವ ಸಹಕಾರ ಸಂಘದ ವಾರ್ಷಿಕ ವರದಿಯನ್ನೇ ತೆಗೆದುಕೊಂಡು ಸುಸ್ತಿ ಸಾಲ, ಕಾಯ್ದಿಟ್ಟ ನಿಧಿ, ಸಿಬ್ಬಂದಿ ವೆಚ್ಚ ಈ ಮೂರು ಸಾಲುಗಳನ್ನು ಮೂರು ವರ್ಷದ ವರದಿಗಳಲ್ಲಿ ಹೋಲಿಸಿ ನೋಡಿ. ಇಷ್ಟು ಮಾಡಿದವರಿಗೆ ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ.

ಮೂರನೆಯ ಹೆಜ್ಜೆ: ಹೊಣೆಯ ಹುದ್ದೆಯನ್ನೇ ಕೇಳಿ, ಬರವಣಿಗೆಯಲ್ಲಿ ಕೇಳಿ

ಕಂಪನಿಗಳಲ್ಲಿ ಮಹಿಳೆಯರು ಮೇಲೇರಿದರೂ ಒಂದು ಹಂತದಲ್ಲಿ ನಿಂತುಬಿಡುವುದಕ್ಕೆ ಮುಖ್ಯ ಕಾರಣ ಅವರ ವಿಭಾಗ. ಮಾನವ ಸಂಪನ್ಮೂಲ, ಲೆಕ್ಕಪತ್ರ, ಅತಿಥಿ ಸತ್ಕಾರ, ಸಾಮಾಜಿಕ ಹೊಣೆಗಾರಿಕೆಯ ವಿಭಾಗಗಳಲ್ಲಿ ಮಹಿಳೆಯರನ್ನು ಸಂತೋಷದಿಂದ ಕೂರಿಸುತ್ತಾರೆ. ಆದರೆ ಪ್ರಧಾನ ವ್ಯವಸ್ಥಾಪಕರನ್ನು ಆರಿಸುವಾಗ ‘ಲಾಭ-ನಷ್ಟದ ಹೊಣೆ ಹೊತ್ತ ಅನುಭವ ಇದೆಯೇ’ ಎಂದು ಕೇಳುತ್ತಾರೆ. ತೋಟದ ಕಂಪನಿಯಲ್ಲಿ ಆ ಅನುಭವ ಸಿಗುವುದು ಡಿವಿಷನ್ನಿನ (ತೋಟದ ಒಂದು ವಿಭಾಗದ) ಉಸ್ತುವಾರಿಯಿಂದ, ರೆಸಾರ್ಟಿನಲ್ಲಿ ಒಟ್ಟು ಕಾರ್ಯಾಚರಣೆಯಿಂದ, ಬ್ಯಾಂಕಿನಲ್ಲಿ ಶಾಖೆಯ ಹೊಣೆಯಿಂದ. ಆದ್ದರಿಂದ ಬಡ್ತಿ ಕೇಳುವ ಮೊದಲು ಹೊಣೆ ಕೇಳಬೇಕು.

ನಾನು ಒಂದು ಡಿವಿಷನ್ನಿನ ಉಸ್ತುವಾರಿ ಕೇಳಿದಾಗ ಬಂದ ಉತ್ತರಗಳು ಇವತ್ತಿಗೂ ಅನೇಕ ಹೆಣ್ಣುಮಕ್ಕಳಿಗೆ ಬರುತ್ತಿರುವ ಉತ್ತರಗಳೇ: ‘ಮಳೆಗಾಲದಲ್ಲಿ ಜೀಪು ಓಡಿಸುವವರು ಯಾರು? ರಾತ್ರಿ ತೋಟಕ್ಕೆ ಆನೆ ನುಗ್ಗಿದರೆ ಏನು ಮಾಡುತ್ತೀರಿ? ಗಂಡಸರಾದ ಮೇಸ್ತ್ರಿಗಳು ನಿಮ್ಮ ಮಾತು ಕೇಳುತ್ತಾರೆಯೇ?’ ಆ ದಿನ ನೋವಾಯಿತು. ಮರುದಿನ ಕೂತು ಒಂದು ಪುಟದ ಪತ್ರ ಬರೆದೆ. ಜೀಪಿನ ಪ್ರಶ್ನೆಗೆ ನನ್ನ ಚಾಲನಾ ಪರವಾನಗಿಯ ಪ್ರತಿಯನ್ನು ಲಗತ್ತಿಸಿದೆ. ಆನೆ ಬಂದರೆ ಯಾವ ಮ್ಯಾನೇಜರೂ ಕೋಲು ಹಿಡಿದು ಓಡಿಸುವುದಿಲ್ಲ, ಕಾರ್ಮಿಕರ ಲೈನ್ ಮನೆಗಳಿಗೆ ಸುದ್ದಿ ಮುಟ್ಟಿಸಿ ಅರಣ್ಯ ಇಲಾಖೆಯ ತಂಡಕ್ಕೆ ಕರೆ ಮಾಡುತ್ತಾರೆ, ಆ ಕೆಲಸವನ್ನು ನಾನೂ ಮಾಡುತ್ತೇನೆ ಎಂದು ಬರೆದೆ. ಮೇಸ್ತ್ರಿಗಳ ಬಗ್ಗೆ, ಅವರ ಹತ್ತು ವರ್ಷದ ಮುಂಗಡದ ಲೆಕ್ಕವನ್ನು ಒಂದೂ ತಕರಾರಿಲ್ಲದೆ ಮುಗಿಸಿದ್ದು ಯಾರೆಂದು ನೆನಪಿಸಿದೆ. ಕೊನೆಯಲ್ಲಿ ಒಂದು ಬೆಳೆಯ ಮಟ್ಟಿಗೆ ಪ್ರಾಯೋಗಿಕವಾಗಿ ಹೊಣೆ ಕೊಡಬೇಕೆಂದೂ, ಇಳುವರಿ, ಕೊಯ್ಲಿನ ವೆಚ್ಚ ಮತ್ತು ಔಟ್‌ಟರ್ನ್ ಈ ಮೂರು ಅಳತೆಗಳಿಂದ ನನ್ನನ್ನು ಅಳೆಯಬೇಕೆಂದೂ ಕೋರಿದೆ. ಉತ್ತರ ಬರಲು ಹದಿನಾಲ್ಕು ತಿಂಗಳು ಹಿಡಿಯಿತು, ಆದರೆ ಬಂತು. ಆ ಪತ್ರದ ಸ್ವರೂಪವನ್ನು ಯಾರು ಬೇಕಾದರೂ ಬಳಸಬಹುದು: ಎದುರಾದ ಆಕ್ಷೇಪಕ್ಕೊಂದು ನೇರ ಉತ್ತರ, ಈವರೆಗಿನ ಕೆಲಸದ ಪುರಾವೆ, ಕೇಳುತ್ತಿರುವ ಹೊಣೆಯ ಅವಧಿ, ಅಳೆಯುವ ಮಾನದಂಡ.

ಬರವಣಿಗೆಯಲ್ಲಿ ಕೇಳುವುದರ ಬೆಲೆ ಏನೆಂಬುದನ್ನು ಕೊಡಗಿನವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಅವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ಮದುವೆಗೆ ಮೊದಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕು, ವಿವಾಹಿತ ಮಹಿಳೆಗೆ ನೇಮಕಾತಿಯ ಹಕ್ಕಿಲ್ಲ ಎಂದು ಸೇವಾ ನಿಯಮಗಳೇ ಹೇಳುತ್ತಿದ್ದವು. 1970ರಲ್ಲಿ ಹಂಗೆರಿಗೆ ರಾಯಭಾರಿಯಾದ ಅವರಿಗೆ ಮುಂದಿನ ದರ್ಜೆಯ ಬಡ್ತಿಯನ್ನು, ಅರ್ಹತೆ ಸಾಲದು ಎಂಬ ಕಾರಣ ಕೊಟ್ಟು ತಪ್ಪಿಸಿದಾಗ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠವು ಅರ್ಜಿಯನ್ನು ಮುಕ್ತಾಯಗೊಳಿಸುವಾಗ ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ನಿರ್ದೇಶಿಸಿತು, ಸೇವಾ ನಿಯಮಗಳಲ್ಲಿನ ಲಿಂಗತಾರತಮ್ಯವನ್ನು ತೊಡೆಯಬೇಕೆಂದೂ ಒತ್ತಿ ಹೇಳಿತು. ತಮಗಾದ ಅನ್ಯಾಯವನ್ನು ನಿಯಮದ ಸಂಖ್ಯೆ ಸಹಿತ ಕಾಗದದ ಮೇಲೆ ಇಟ್ಟಿದ್ದರಿಂದ ಅದು ಒಬ್ಬರ ಬೇಸರವಾಗಿ ಉಳಿಯಲಿಲ್ಲ, ಮುಂದಿನವರ ದಾರಿಯಾಯಿತು. ಬಡ್ತಿ ಕೈತಪ್ಪಿದ ಪ್ರತಿ ಸಲವೂ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಸೌಜನ್ಯದಿಂದ ಕೇಳಲು ನಮಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ನಡಾವಳಿ ಪುಸ್ತಕವನ್ನು ಬಿಡಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ. ಸಭೆಯಲ್ಲಿ ಆಡಿದ ಮಾತು ಸಭೆ ಮುಗಿದೊಡನೆ ಗಾಳಿಗೆ ಹೋಗುತ್ತದೆ, ಉಳಿಯುವುದು ನಡಾವಳಿಯಲ್ಲಿ ಬರೆದದ್ದು ಮಾತ್ರ. ಒಂದು ವರ್ಷ ಅರೇಬಿಕಾದ ಅಂದಾಜು ಇಳುವರಿ ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ ಇರುತ್ತದೆಂದು, ಹೂಮಳೆಯ ದಿನಾಂಕಗಳನ್ನೂ ಕಾಂಡಕೊರಕದಿಂದ ಕಿತ್ತ ಗಿಡಗಳ ಲೆಕ್ಕವನ್ನೂ ಇಟ್ಟು ನಾನು ವಿವರಿಸಿದೆ. ಮುಂಗಡ ಮಾರಾಟದ ಒಪ್ಪಂದವನ್ನು ಕಡಿಮೆ ಪ್ರಮಾಣಕ್ಕೆ ಇಳಿಸಬೇಕೆಂದೂ ಸೂಚಿಸಿದೆ. ನಡಾವಳಿಯಲ್ಲಿ ಬಂದದ್ದು ‘ಇಳುವರಿಯ ಬಗ್ಗೆ ಚರ್ಚಿಸಲಾಯಿತು’ ಎಂಬ ಒಂದು ಸಾಲು. ಮಾರ್ಚ್ ಹೊತ್ತಿಗೆ ಒಪ್ಪಂದದಷ್ಟು ಮಾಲು ಇಲ್ಲದೆ ಕಂಪನಿ ಹೊರಗಿನಿಂದ ದುಬಾರಿ ದರಕ್ಕೆ ಕೊಳ್ಳಬೇಕಾಯಿತು. ಎಚ್ಚರಿಸಿದವರು ಯಾರು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಂದಿನಿಂದ ಸಭೆಗೆ ಹೋಗುವಾಗ ನನ್ನ ಸೂಚನೆಯನ್ನು ಎರಡೇ ವಾಕ್ಯದಲ್ಲಿ ಬರೆದು, ಮುದ್ರಿಸಿ, ಅಧ್ಯಕ್ಷರಿಗೂ ಕಾರ್ಯದರ್ಶಿಯವರಿಗೂ ಒಂದೊಂದು ಪ್ರತಿ ಕೊಟ್ಟು, ‘ಇದನ್ನು ನಡಾವಳಿಗೆ ಸೇರಿಸಬೇಕೆಂದು ಕೋರುತ್ತೇನೆ’ ಎಂದು ಸಭೆಯಲ್ಲೇ ಹೇಳುವುದನ್ನು ರೂಢಿ ಮಾಡಿಕೊಂಡೆ.

ಕಾನೂನು ಇಲ್ಲಿ ನಮ್ಮ ಪರವಾಗಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿರ್ದೇಶಕರ ಮಂಡಳಿಯ ಸಭೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಮುಂಚೆ ನೋಟಿಸ್ ಕೊಡಬೇಕು. ನಿರ್ಣಯಕ್ಕೆ ಒಪ್ಪದ ನಿರ್ದೇಶಕರಿದ್ದರೆ ಅವರ ಹೆಸರನ್ನು ನಡಾವಳಿಯಲ್ಲಿ ದಾಖಲಿಸಬೇಕು. ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ರೂಪಿಸಿರುವ ಮಾನದಂಡದಂತೆ ಸಭೆ ಮುಗಿದ ಹದಿನೈದು ದಿನಗಳೊಳಗೆ ಕರಡು ನಡಾವಳಿ ನಿರ್ದೇಶಕರ ಕೈಗೆ ಬರಬೇಕು, ತಿದ್ದುಪಡಿ ಸೂಚಿಸಲು ಏಳು ದಿನಗಳ ಅವಕಾಶ ಇರುತ್ತದೆ. ಆ ಏಳು ದಿನ ಬಹಳ ಅಮೂಲ್ಯ. ಕೊಯ್ಲು, ಪುತ್ತರಿ ಹಬ್ಬ, ಮದುವೆ, ಏನೇ ಇರಲಿ, ಆ ವಾರದಲ್ಲಿ ಒಂದು ಗಂಟೆಯನ್ನು ಕರಡನ್ನು ಓದಲು ತೆಗೆದಿಡಿ. ನೀವು ನಿರ್ದೇಶಕಿಯಲ್ಲದೆ ಬರೀ ವಿಭಾಗದ ಸಭೆಗೆ ಹೋಗುವವರಾದರೂ, ಸಭೆಯ ಸಂಜೆಯೇ ‘ಇಂದಿನ ಸಭೆಯಲ್ಲಿ ನಾನು ಸೂಚಿಸಿದ ಅಂಶಗಳು’ ಎಂಬ ನಾಲ್ಕು ಸಾಲಿನ ಇಮೇಲ್ ಕಳಿಸಬಹುದು. ಅದೇ ನಿಮ್ಮ ನಡಾವಳಿ.

ಇನ್ನೊಂದು ಮಾತು. ಸಭೆಯಲ್ಲಿ ಒಬ್ಬಳೇ ಮಹಿಳೆ ಇದ್ದರೆ ನಡಾವಳಿ ಬರೆಯುವ ಕೆಲಸ, ಕಾಫಿ ತರಿಸುವ ಕೆಲಸ ಎರಡೂ ಅವಳ ಪಾಲಿಗೆ ಬರುವುದುಂಟು. ನಡಾವಳಿ ಬರೆಯುತ್ತಾ ಕೂತವರಿಗೆ ವಾದ ಮಂಡಿಸಲು ಆಗುವುದಿಲ್ಲ. ಅದನ್ನು ಸರದಿಯ ಮೇಲೆ ಮಾಡೋಣ ಎಂದು ಮೊದಲ ಸಭೆಯಲ್ಲೇ ಹೇಳಿಬಿಡುವುದು ಒಳ್ಳೆಯದು. ಹತ್ತನೆಯ ಸಭೆಯಲ್ಲಿ ಹೇಳುವುದು ಕಷ್ಟ.

ಐದನೆಯ ಹೆಜ್ಜೆ: ನಿರ್ದೇಶಕಿಯಾಗುವ ದಾರಿ, ಮತ್ತು ಅದರಲ್ಲಿನ ಗುಂಡಿ

ಕಂಪನಿ ಕಾಯ್ದೆಯ 149ನೆಯ ಸೆಕ್ಷನ್ ಮತ್ತು 2014ರ ನಿಯಮಗಳ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯಲ್ಲೂ, 100 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಬಂಡವಾಳ ಇಲ್ಲವೇ 300 ಕೋಟಿ ಅಥವಾ ಅದಕ್ಕಿಂತ ಹೆಚ್ಚು ವಹಿವಾಟು ಇರುವ ಇತರ ಪಬ್ಲಿಕ್ ಕಂಪನಿಗಳಲ್ಲೂ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು. ಆರಂಭದಲ್ಲಿ ಅನೇಕ ಕಂಪನಿಗಳು ಪ್ರವರ್ತಕರ, ಅಂದರೆ ಕಂಪನಿಯನ್ನು ಕಟ್ಟಿದವರ, ಹೆಂಡತಿಯನ್ನೋ ಮಗಳನ್ನೋ ಕೂರಿಸಿ ನಿಯಮವನ್ನು ಪೂರೈಸಿದವು. ಆ ಕಾರಣದಿಂದಲೇ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2019ರ ಏಪ್ರಿಲ್ 1ರಿಂದ ಷೇರುಪೇಟೆಯ ಮೌಲ್ಯದಲ್ಲಿ ಮೊದಲ 500 ನೋಂದಾಯಿತ ಕಂಪನಿಗಳಲ್ಲಿ, 2020ರ ಏಪ್ರಿಲ್ 1ರಿಂದ ಮೊದಲ 1000 ಕಂಪನಿಗಳಲ್ಲಿ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯವಾದರು. ಸ್ವತಂತ್ರ ಎಂದರೆ ಪ್ರವರ್ತಕರ ನಂಟಸ್ತಿಕೆಯಾಗಲಿ, ಕಂಪನಿಯೊಡನೆ ಹಣದ ವ್ಯವಹಾರದ ಸಂಬಂಧವಾಗಲಿ ಇಲ್ಲದವರು.

ಹದಿನೈದಿಪ್ಪತ್ತು ವರ್ಷ ಬ್ಯಾಂಕು, ತೋಟ, ವಕೀಲಿಕೆ, ಆಡಿಟ್ ಕೆಲಸಗಳಲ್ಲಿ ಪಳಗಿದ ಕೊಡಗಿನ ಮಹಿಳೆಯರು ಈ ಅವಕಾಶವನ್ನು ಬೆಂಗಳೂರಿನವರಿಗೆ ಮಾತ್ರ ಸೇರಿದ್ದೆಂದು ಬಿಟ್ಟುಕೊಡಬಾರದು. ಮಾಡಬೇಕಾದ್ದು ಇಷ್ಟು: ಡಿಜಿಟಲ್ ಸಹಿ ಮಾಡಿಸಿಕೊಳ್ಳಬೇಕು. ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ ನಿರ್ವಹಿಸುವ ಸ್ವತಂತ್ರ ನಿರ್ದೇಶಕರ ದತ್ತಕೋಶದಲ್ಲಿ ಹೆಸರು ನೋಂದಾಯಿಸಬೇಕು. ವಿನಾಯಿತಿ ಇಲ್ಲದವರು ಎರಡು ವರ್ಷಗಳೊಳಗೆ ಆನ್‌ಲೈನ್ ಸ್ವಮೌಲ್ಯಮಾಪನ ಪರೀಕ್ಷೆಯಲ್ಲಿ ಶೇ 50 ಅಂಕ ಗಳಿಸಬೇಕು. ನೇಮಕವಾಗುವಾಗ ನಿರ್ದೇಶಕರ ಗುರುತಿನ ಸಂಖ್ಯೆಯನ್ನು ಪಡೆದು ಡಿಐಆರ್-2 ನಮೂನೆಯಲ್ಲಿ ಲಿಖಿತ ಒಪ್ಪಿಗೆ ಕೊಡಬೇಕು. ಪರೀಕ್ಷೆ ಕಷ್ಟದ್ದಲ್ಲ, ಕಂಪನಿ ಕಾನೂನು ಮತ್ತು ಲೆಕ್ಕಪತ್ರದ ಮೂಲಪಾಠಗಳನ್ನು ಓದಿದರೆ ಸಾಕಾಗುತ್ತದೆ.

ಇನ್ನು ಗುಂಡಿಯ ಮಾತು. ಕುಟುಂಬದ ತೋಟವನ್ನು ಪ್ರೈವೇಟ್ ಲಿಮಿಟೆಡ್ ಮಾಡುವಾಗ ಎರಡನೆಯ ನಿರ್ದೇಶಕರು ಬೇಕೆಂದು ಸೊಸೆಯ ಅಥವಾ ಅತ್ತೆಯ ಹೆಸರನ್ನು ಹಾಕುವುದು ಸಾಮಾನ್ಯ. ಆಡಿಟರ ಗುಮಾಸ್ತ ಕಾಗದದ ಕಟ್ಟು ತಂದು ‘ಅಕ್ಕ, ಪೆನ್ಸಿಲ್ ಗುರುತು ಇರುವ ಕಡೆ ಸಹಿ ಹಾಕಿದರೆ ಸಾಕು’ ಎನ್ನುತ್ತಾನೆ. ದಯವಿಟ್ಟು ಹಾಗೆ ಹಾಕಬೇಡಿ. ಕಂಪನಿಯು ಸತತ ಮೂರು ವರ್ಷ ವಾರ್ಷಿಕ ಲೆಕ್ಕಪತ್ರ ಅಥವಾ ವಾರ್ಷಿಕ ವಿವರ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ಕಾಲ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಾದ್ಯಂತ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಹೀಗೆ ಅನರ್ಹರಾದರು. ಹೆಸರಿಗೆ ಮಾತ್ರ ನಿರ್ದೇಶಕಿಯಾದವರಿಗೆ ಅಧಿಕಾರ ಸಿಗುವುದಿಲ್ಲ, ಹೊಣೆ ಮಾತ್ರ ಪೂರ್ತಿ ಬರುತ್ತದೆ. ಆದ್ದರಿಂದ ಒಪ್ಪಿಗೆ ಕೊಡುವ ಮೊದಲು ಮೂರು ವರ್ಷದ ಲೆಕ್ಕಪತ್ರ, ಸಾಲಗಳ ಪಟ್ಟಿ ಮತ್ತು ಬ್ಯಾಂಕ್ ಖಾತೆಯಲ್ಲಿ ಸಹಿಯ ಅಧಿಕಾರ, ಈ ಮೂರನ್ನು ಕೇಳಿ ಪಡೆಯಿರಿ. ಮಾವನವರಿಗೆ ಬೇಸರವಾದೀತು ಎಂಬ ಸಂಕೋಚವಿದ್ದರೆ, ಕಾಯ್ದೆಯಂತೆ ನನ್ನ ಮೇಲೂ ಹೊಣೆ ಬರುತ್ತದಲ್ಲ ಮಾವ, ಒಮ್ಮೆ ಓದಿ ನಾಳೆ ಸಹಿ ಹಾಕಿಕೊಡುತ್ತೇನೆ ಎಂದರೆ ಯಾರ ಮನಸ್ಸೂ ನೋಯುವುದಿಲ್ಲ.

ಆರನೆಯ ಹೆಜ್ಜೆ: ಸಂಘ ಮತ್ತು ಉತ್ಪಾದಕ ಕಂಪನಿ

ದೊಡ್ಡ ಕಂಪನಿಯ ಮಂಡಳಿ ದೂರವೆನಿಸುವವರಿಗೆ ನಾಯಕತ್ವದ ಶಾಲೆ ಊರಲ್ಲೇ ಇದೆ. ನಮ್ಮ ರಾಜ್ಯದ ಸಹಕಾರ ಕಾನೂನು ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನಗಳನ್ನು ಮೀಸಲಿಟ್ಟಿದೆ. ಆದರೆ ಮೀಸಲು ಸ್ಥಾನ ಎಂಬುದು ಮಿತಿಯಲ್ಲ. ಸಾಮಾನ್ಯ ಸ್ಥಾನಕ್ಕೂ ಮಹಿಳೆ ಸ್ಪರ್ಧಿಸಬಹುದು, ಸ್ಪರ್ಧಿಸಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ಸ್ಥಾನ ‘ಅವರದು’ ಎಂದು ಬಿಟ್ಟು ಉಳಿದೆಲ್ಲವನ್ನು ‘ನಮ್ಮದು’ ಎಂದುಕೊಳ್ಳುವ ಅಭ್ಯಾಸ ಮುರಿಯುವುದು ಆಗಲೇ.

ಇಲ್ಲಿ ಎಡವುವುದು ಚುನಾವಣೆಯ ದಿನವಲ್ಲ, ಅದಕ್ಕಿಂತ ವರ್ಷಗಳ ಮುಂಚೆ. ಸಂಘದಲ್ಲಿ ಮತದ ಹಕ್ಕು ಉಳಿಯಲು ಮಹಾಸಭೆಗಳ ಹಾಜರಿ, ಸಂಘದೊಡನೆ ಕನಿಷ್ಠ ವ್ಯವಹಾರ ಎಂಬ ಷರತ್ತುಗಳಿರಬಹುದು. ಮಹಾಸಭೆಗೆ ಮನೆಯಿಂದ ಗಂಡಸರೊಬ್ಬರು ಹೋದರೆ ಸಾಕೆಂದು ಮಹಿಳಾ ಸದಸ್ಯರು ಉಳಿದುಬಿಟ್ಟರೆ, ಹಾಜರಿ ಪುಸ್ತಕದಲ್ಲಿ ಅವರ ಸಹಿ ಇಲ್ಲದ ಕಾರಣಕ್ಕೇ ಮತದಾರರ ಪಟ್ಟಿಯಿಂದ ಹೊರಬೀಳಬಹುದು. ನಿಮ್ಮ ಸಂಘದ ಉಪವಿಧಿಯ ಪ್ರತಿಯನ್ನು ಕಾರ್ಯದರ್ಶಿಯವರಿಂದ ಈಗಲೇ ಪಡೆದು ಈ ನಿಯಮವನ್ನು ಓದಿಕೊಳ್ಳಿ.

ಉತ್ಪಾದಕ ಕಂಪನಿಯನ್ನು ಹತ್ತು ಮಂದಿ ಉತ್ಪಾದಕರು ಸೇರಿ ಕಟ್ಟಬಹುದು. ಮಂಡಳಿಯಲ್ಲಿ ಐವರಿಂದ ಹದಿನೈದು ಮಂದಿ ನಿರ್ದೇಶಕರಿರುತ್ತಾರೆ. ವ್ಯಕ್ತಿಗಳೇ ಸದಸ್ಯರಾಗಿರುವಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ನೂರು ಎಕರೆಯ ಬೆಳೆಗಾರರಿಗೂ ಒಂದು ಎಕರೆಯಲ್ಲಿ ಮೆಣಸಿನ ಬಳ್ಳಿ ಸಾಕುವ ಮಹಿಳೆಗೂ ಸಮಾನ ಮತ ಎಂಬ ಈ ಒಂದು ಅಂಶಕ್ಕಾಗಿಯೇ ನಾನು ಉತ್ಪಾದಕ ಕಂಪನಿಗಳನ್ನು ಇಷ್ಟಪಡುತ್ತೇನೆ. ಜೇನು, ಕರಿಮೆಣಸು, ಏಲಕ್ಕಿ, ಕಾಫಿ ಪುಡಿಯ ವ್ಯಾಪಾರ ಮಾಡುತ್ತಿರುವ ಸ್ವಸಹಾಯ ಗುಂಪುಗಳ ಸದಸ್ಯೆಯರಲ್ಲಿ ಬೆಳೆಗಾರರು ಹತ್ತು ಮಂದಿ ಇದ್ದರೆ ಈ ರೂಪವನ್ನು ಗಂಭೀರವಾಗಿ ಪರಿಶೀಲಿಸಬೇಕು.

ಇವೆರಡಕ್ಕೂ ಬೇರು ಜಮೀನಿನ ದಾಖಲೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೆಸರಿಲ್ಲದ ಮಹಿಳೆಗೆ ಬೆಳೆಗಾರರ ಸಂಘದ ಸದಸ್ಯತ್ವದಿಂದ ಹಿಡಿದು ಬ್ಯಾಂಕಿನ ಬೆಳೆಸಾಲದವರೆಗೆ ಎಲ್ಲ ಕಡೆ ಬಾಗಿಲು ಅರ್ಧ ಮುಚ್ಚಿರುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಗೆ ಅದರದ್ದೇ ಆದ ಚರಿತ್ರೆ ಇದೆ, ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿ ಇಡೀ ಒಕ್ಕದ (ಮನೆತನದ) ದಾಖಲೆ ನಿಂತಿರುವ ಪ್ರಸಂಗಗಳಿವೆ. ಅಂಥ ಜಮೀನಿನ ವಿಷಯದಲ್ಲಿ ಸ್ಥಳೀಯ ಕಂದಾಯ ದಾಖಲೆಗಳನ್ನು ಬಲ್ಲ ವಕೀಲರ ಸಲಹೆ ಪಡೆದೇ ಮುಂದುವರಿಯಬೇಕು.

ಏಳನೆಯ ಹೆಜ್ಜೆ: ತೊಟ್ಟಿಲು ಮತ್ತು ಹುದ್ದೆ

ಬಡ್ತಿಯ ಏಣಿಯಿಂದ ಮಹಿಳೆಯರು ಇಳಿದುಹೋಗುವುದು ಹೆಚ್ಚಾಗಿ ಮೊದಲ ಮಗುವಿನ ಹೊತ್ತಿಗೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಸಿಕ್ಕಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವರು ಇದಕ್ಕೆ ಅರ್ಹರು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು.

ರಜೆಗೆ ಹೋಗುವ ಮೊದಲು ಮೂರು ವಿಷಯಗಳನ್ನು ಇಮೇಲ್ ಮೂಲಕ ಖಚಿತಪಡಿಸಿಕೊಳ್ಳಿ: ಮರಳಿ ಬಂದಾಗ ಯಾವ ಹುದ್ದೆ, ಆ ವರ್ಷದ ಮೌಲ್ಯಮಾಪನ ಹೇಗೆ, ರಜೆಯ ಅವಧಿಯಲ್ಲಿ ಯಾವ ಸಭೆಯ ನಡಾವಳಿಗಳು ನಿಮಗೆ ತಲುಪುತ್ತವೆ. ಕೆಲಸ ಮಾಡದಿದ್ದ ತಿಂಗಳುಗಳ ಲೆಕ್ಕ ಹಿಡಿದು ಇಡೀ ವರ್ಷಕ್ಕೆ ಕಡಿಮೆ ದರ್ಜೆ ಕೊಡುವುದು ಅನ್ಯಾಯ, ಅದನ್ನು ಮೊದಲೇ ತಡೆಯಬೇಕು. ಮನೆಯಲ್ಲೂ ಮಾತು ಆಗಬೇಕು. ಒಂದು ಬೆಳೆಯ ಕಾಲ ಮಗುವಿನ ಬೆಳಗಿನ ಹೊಣೆಯನ್ನು ಗಂಡ ಹೊತ್ತರೆ ಏಳು ಗಂಟೆಯ ಹಾಜರಿಗೆ ಹೆಂಡತಿ ನಿಶ್ಚಿಂತೆಯಿಂದ ಹೋಗಬಲ್ಲಳು. ನನಗೆ ಆ ಅನುಕೂಲ ಸಿಕ್ಕಿತು. ಅದಿಲ್ಲದಿದ್ದರೆ ಮೇಲೆ ಹೇಳಿದ ಪತ್ರ ಬರೆಯುತ್ತಲೇ ಇರಲಿಲ್ಲ.

ಘನತೆಯಿಂದ ದುಡಿಯುವ ವಾತಾವರಣವಿಲ್ಲದೆ ನಾಯಕತ್ವದ ಮಾತೇ ಇಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಪ್ರತಿ ಸಂಸ್ಥೆಯಲ್ಲೂ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ದಿನಗೂಲಿಯ ಕಾರ್ಮಿಕರಿಗೂ ಗುತ್ತಿಗೆಯವರಿಗೂ ಇದು ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ತೋಟದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಮಿತಿಯ ಸದಸ್ಯರ ಹೆಸರುಗಳನ್ನು ತೂಕದ ಕಟ್ಟೆಯ ಬಳಿ, ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಅಂಟಿಸಿದ್ದಾರೆಯೇ ಎಂದು ನೋಡಿ. ಕಚೇರಿಯ ಒಳಗೋಡೆಯ ಮೇಲಿದ್ದರೆ ಕೊಯ್ಲಿನವರಿಗೆ ಅದು ಕಾಣುವುದಿಲ್ಲ.

ಎಂಟನೆಯ ಹೆಜ್ಜೆ: ಈಗಾಗಲೇ ಕುರ್ಚಿಯಲ್ಲಿ ಇರುವವರಿಗೆ

ಈ ಭಾಗ ವ್ಯವಸ್ಥಾಪಕರಿಗೆ ಮತ್ತು ಅಧ್ಯಕ್ಷರಿಗೆ, ಗಂಡಸರಿರಲಿ ಹೆಂಗಸರಿರಲಿ. ಬಡ್ತಿಯ ಮಾನದಂಡಗಳನ್ನು ವರ್ಷದ ಆರಂಭದಲ್ಲೇ ಲಿಖಿತವಾಗಿ ಪ್ರಕಟಿಸಿ. ಸಂದರ್ಶನದಲ್ಲಿ ಮದುವೆ ಯಾವಾಗ, ಗಂಡ ಎಲ್ಲಿದ್ದಾರೆ ಎಂಬ ಪ್ರಶ್ನೆಗಳನ್ನು ಕೇಳಬೇಡಿ. ಒಂದೇ ಹುದ್ದೆಯಲ್ಲಿರುವ ಗಂಡಸರ ಮತ್ತು ಹೆಂಗಸರ ಸಂಬಳದ ಪಟ್ಟಿಯನ್ನು ವರ್ಷಕ್ಕೊಮ್ಮೆ ಎದುರುಬದುರು ಇಟ್ಟು ನೋಡಿ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು 1976ರಿಂದ ಈ ದೇಶದ ಕಾನೂನು. ಮುಖ್ಯ ಸಭೆಗಳನ್ನು ಸಂಜೆ ಕ್ಲಬ್ಬಿನಲ್ಲಿ ಅನೌಪಚಾರಿಕವಾಗಿ ಮುಗಿಸಿ ಮರುದಿನ ಕಚೇರಿಯಲ್ಲಿ ತೀರ್ಮಾನವನ್ನು ಮಾತ್ರ ತಿಳಿಸುವ ಪದ್ಧತಿಯಿದ್ದರೆ ಅದನ್ನು ನಿಲ್ಲಿಸಿ. ಅನೇಕ ಸಮರ್ಥ ಮಹಿಳೆಯರು ನಿರ್ಣಯಗಳಿಂದ ಹೊರಗುಳಿಯುವುದು ಹೀಗೆಯೇ.

ಸಲಹೆ ಕೊಡುವ ಹಿರಿಯರು ಎಲ್ಲ ಕಡೆ ಸಿಗುತ್ತಾರೆ. ನಾವಿಲ್ಲದ ಕೋಣೆಯಲ್ಲಿ ನಮ್ಮ ಹೆಸರನ್ನು ಎತ್ತುವ ಹಿರಿಯರು ಅಪರೂಪ. ನೀವು ನಿರ್ದೇಶಕಿಯಾದ ಮೇಲೆ ಮೊದಲ ವರ್ಷದಲ್ಲೇ ಕಿರಿಯ ಮಹಿಳೆಯೊಬ್ಬರನ್ನು ಆರಿಸಿ, ಅವರು ಸಿದ್ಧಪಡಿಸಿದ ವರದಿಯನ್ನು ಅವರಿಂದಲೇ ಮಂಡಳಿಯ ಮುಂದೆ ಮಂಡಿಸಲು ಅವಕಾಶ ಕೇಳಿ. ನಮ್ಮ ಉತ್ಪಾದಕ ಕಂಪನಿಯಲ್ಲಿ ಕಳೆದ ಸಲ ಮೆಣಸಿನ ದಾಸ್ತಾನಿನ ವರದಿಯನ್ನು ಸೋಮವಾರಪೇಟೆ ಕಡೆಯ ಲೆಕ್ಕಸಹಾಯಕಿಯೊಬ್ಬರು ಮಂಡಿಸಿದರು. ಮೊದಲ ಎರಡು ನಿಮಿಷ ಅವರ ಧ್ವನಿ ನಡುಗುತ್ತಿತ್ತು. ತೇವಾಂಶದ ಅಂಕಿಗೆ ಬಂದಾಗ ಹಿರಿಯ ನಿರ್ದೇಶಕರೊಬ್ಬರು ಅನುಮಾನ ತೆಗೆದರು. ಲೆಕ್ಕಸಹಾಯಕಿ ಚೀಲದ ಸಂಖ್ಯೆ, ಅಳೆದ ದಿನಾಂಕ, ಅಳೆದವರ ಹೆಸರು ಮೂರನ್ನೂ ಪುಸ್ತಕದಿಂದ ಓದಿ ಹೇಳಿದರು. ಹದಿನೈದು ದಿನದ ಮೇಲೆ ಬಂದ ಕರಡು ನಡಾವಳಿಯಲ್ಲಿ ಅವರ ಹೆಸರು ಪೂರ್ಣವಾಗಿ ಇದೆಯೇ ಎಂದು ನಾನು ಮೊದಲು ಹುಡುಕಿದೆ. ಇನಿಶಿಯಲ್ ತಪ್ಪಾಗಿತ್ತು. ತಿದ್ದಿಸಿ ಕಳಿಸಿದೆ.